ಟಿಟ್ಟಿಭ ಹೊಟ್ಟೆ ಮಾತ್ರ ಒದ್ದೆ ಮಾಡಿಕೊಂಡು ಓಡುವುದು ಯಾಕೆ?

ಕೆಂಬೂತ:
ಬೆಳಿಗ್ಗೆ ಮಣಿಪಾಲದ ಎಂಡ್ ಪಾಯಿಂಟ್ ಕಡೆ ವಾಕಿಂಗ್ ಹೋಗುವವಳು ನಾನು. ಈಗಿನ ಸೆಕೆಗೆ ಎಂಟು ಗಂಟೆಗೇ ಬೆವರು ಇಳಿಯುತ್ತದೆ. ದಾರಿ ಬದಿಯ ಮುರಕಲ್ಲಿನ ಬಯಲಲ್ಲಿ ಒಂದು ಜೋಡಿ ಟಿಟ್ಟಿಭ ಹಕ್ಕಿ ಇದೆ. ನನ್ನನ್ನು ಕಂಡರೆ ಊರಿಗೇ ಕೇಳುವ ಬೊಬ್ಬೆ! ತಲೆ ಮೇಲೆ ಎರಗಿ ಬರುತ್ತವೆ. ಮರಿಯೋ ಮೊಟ್ಟೆಯೋ ಇರಬೇಕು, ಅಲ್ವಾ?

ಅರ್ಥವಾಗದ್ದು ಬೇರೆ. ಪೈಪ್ ಸೋರಿ ನಿಂತ ನೀರಿಗೆ ಆ ಜೋಡಿಯಲ್ಲಿ ಒಂದು ಹಕ್ಕಿ ಬರುತ್ತದೆ. ಸ್ನಾನ ಅನ್ನೋಣ ಅಂದರೆ ರೆಕ್ಕೆ ಬಡಿಯುವುದಿಲ್ಲ, ತಲೆ ಅದ್ದುವುದಿಲ್ಲ. ಕಾಲು ಮಡಚಿ ಹೊಟ್ಟೆ ಮಾತ್ರ ನೆನೆಸುತ್ತದೆ. ಆಮೇಲೆ ಮೈ ಕೊಡವದೆ ನೀರು ತೊಟ್ಟಿಕ್ಕುತ್ತಾ ಓಟ. ಅದು ಹೋದ ಜಾಗದಿಂದ ಇನ್ನೊಂದು ಎದ್ದು ಬರುತ್ತದೆ.

ಮತ್ತೆ, ನನಗೆ ಅಷ್ಟು ಬೈಯುವ ಹಕ್ಕಿ ದನ ಬಂದರೆ ಹಾರುವುದೇ ಇಲ್ಲ. ರೆಕ್ಕೆ ಬಿಡಿಸಿ ಮುಖದೆದುರೇ ನಿಲ್ಲುತ್ತದೆ. ಇದೇನು ಧೈರ್ಯ ಮಾರಾಯ್ರೆ?

ಮುರಕಲ್ಲು:
ಮೊಟ್ಟೆಯೇ. ಗೂಡು ಅಂತ ಏನೂ ಇರುವುದಿಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲುಚೂರು. ಸಾಮಾನ್ಯವಾಗಿ 4 ಮೊಟ್ಟೆ. ಮೇಲಿನ ಕಪ್ಪು ಮಚ್ಚೆಯಿಂದಾಗಿ ನೆಲಕ್ಕೂ ಮೊಟ್ಟೆಗೂ ವ್ಯತ್ಯಾಸವೇ ತಿಳಿಯದು. ನೆರಳಿಲ್ಲದ ಆ ಕಲ್ಲು ಕಾದರೆ ಮೊಟ್ಟೆ ಬೇಯುತ್ತದೆ. ಅದಕ್ಕೇ ಹೊಟ್ಟೆಯ ಗರಿಯಲ್ಲಿ ನೀರು ಹೀರಿಕೊಂಡು ಹೋಗಿ ಮೊಟ್ಟೆಯ ಮೇಲೆ ಕೂರುವುದು. ನೀರು ಆರುತ್ತಾ ಮೊಟ್ಟೆ ತಂಪಾಗುತ್ತದೆ. ಗಂಡು ಹೆಣ್ಣು ಎರಡೂ ಪಾಳಿಯಲ್ಲಿ ಕಾವು ಕೂರುತ್ತವೆ, ಸುಮಾರು 28ರಿಂದ 30 ದಿನ.

ದನದ ವಿಷಯ: ದನ ಮೊಟ್ಟೆ ತಿನ್ನುವುದಿಲ್ಲ, ಗೊತ್ತಿಲ್ಲದೆ ತುಳಿಯುತ್ತದೆ. ದಾರಿ ತಪ್ಪಿಸಿದರೆ ಸಾಕು. ನಾಯಿ, ಮನುಷ್ಯ ಹಾಗಲ್ಲ, ಹುಡುಕಿ ಬರುವವರು. ಅವರೆದುರು ಗೂಡಿನಲ್ಲೇ ನಿಂತರೆ ಜಾಗ ತೋರಿಸಿಕೊಟ್ಟ ಹಾಗೆ. ಹಾಗಾಗಿ ದೂರದಿಂದಲೇ ಗಲಾಟೆ.

ಕಾಪು ಅಕ್ಕ:
ನಮ್ಮಲ್ಲಿ ಕಳೆದ ವರ್ಷ ಟೆರೇಸಿನ ಜಲ್ಲಿ ಮೇಲೇ ಇಟ್ಟಿತ್ತು! ಹಪ್ಪಳ ಒಣಗಿಸಲು ಹೋಗಲಿಕ್ಕೇ ಬಿಡಲಿಲ್ಲ. ಮರಿ ಹೊರಬಂದ ದಿನವೇ ಓಡಾಡುತ್ತಿದ್ದವು. ಅಮ್ಮ ಹಕ್ಕಿ ಕೂಗಿದರೆ ಸಾಕು, ಇದ್ದಲ್ಲೇ ಕಲ್ಲಿನ ಹಾಗೆ ಬಿದ್ದುಕೊಳ್ಳುತ್ತಿದ್ದವು. ಕೆಳಗೆ ಹೇಗೆ ಇಳಿದವೋ, ನಾನು ನೋಡಿಲ್ಲ.

ಕೆಂಬೂತ:
ಥ್ಯಾಂಕ್ಸ್. ಈಗ ಚಿಂತೆ ಜಾಸ್ತಿಯಾಯಿತು. ಭಾನುವಾರ ಹುಡುಗರು ಅಲ್ಲೇ ಬೈಕ್ ನಿಲ್ಲಿಸುತ್ತಾರೆ. ಸುತ್ತ ಕಲ್ಲಿಟ್ಟು ಗುರುತು ಮಾಡಲೇ?

ಮುರಕಲ್ಲು:
ಬೇಡ. ನೀವು ಅಲ್ಲಿ ನಿಂತಷ್ಟು ಹೊತ್ತು ಹಕ್ಕಿ ಮೊಟ್ಟೆಯಿಂದ ದೂರ. ಕಾಗೆ ಅದನ್ನೇ ಕಾಯುತ್ತಿರುತ್ತದೆ. ಹತ್ತಿರದ ಫೋಟೋವೂ ಬೇಡ. ದಾರಿಯ ಅಂಚಿನಲ್ಲಿ ಎರಡು ದೊಡ್ಡ ಕಲ್ಲು ಇಟ್ಟರೆ ಬೈಕ್ ಒಳಗೆ ಬರುವುದಿಲ್ಲ. ಹುಡುಗರಿಗೂ ಸುಮ್ನೆ ಒಂದು ಮಾತು ಹೇಳಿ, ಹೆಚ್ಚಿನವರು ಕೇಳುತ್ತಾರೆ.