ಯಾರೂ ನೋಡದಿದ್ರೆ ದೇವಗಡ ದ್ವೀಪ ಇರುತ್ತಾ?

ಕಾರವಾರದವ:
ಮಳೆಗಾಲದಲ್ಲಿ ನಮ್ಮ ಕಾರವಾರದ ಟಾಗೋರ್ ಬೀಚಲ್ಲಿ ನಿಂತ್ರೆ ಎದುರು ಸಮುದ್ರದಲ್ಲಿರೋ ದೇವಗಡ, ಅದರ ಲೈಟ್‌ಹೌಸ್ ಏನೂ ಕಾಣಲ್ಲ, ಬರೀ ಬೂದಿ ಬಣ್ಣ. ಆಗ ಅದು ಇದೆ ಅನ್ನೋಕೆ ಆಧಾರ ಏನು? ಇರೋದು ಅಂದ್ರೆ ಗ್ರಹಿಕೆಗೆ ಸಿಗೋದು ಅಂತ ತತ್ವಜ್ಞಾನಿ ಬರ್ಕ್ಲಿ 1710ರಲ್ಲೇ ಬರೆದಿದ್ದ, ಓದಿ ತಲೆ ಕೆಟ್ಟಿದೆ.

ಬೈತಖೋಲ್:
ದೋಣಿ ಬಂಡೆಗೆ ಬಡಿದ್ರೆ ಗೊತ್ತಾಗುತ್ತೆ ಮಾರಾಯ.

ಕಾರವಾರದವ:
ಬಡಿದಿದ್ದೂ ಅನುಭವಾನೇ ಅಲ್ದಾ?

ಶಿರಸಿ ಕಡೆ:
ನಿಮ್ಮ ಬೀಚಿನ ಟಾಗೋರರೇ 1930ರಲ್ಲಿ ಐನ್‌ಸ್ಟೀನ್ ಜೊತೆ ಇದೇ ವಾದ ಮಾಡಿದ್ರು. ಮನುಷ್ಯನ ಮನಸ್ಸಿಗೆ ಸಂಬಂಧವೇ ಇಲ್ಲದ ಸತ್ಯ ನಮಗೆ ಇಲ್ಲದ ಹಾಗೇ ಅಂತ ಟಾಗೋರ್, ಮನೇಲಿ ಯಾರೂ ಇಲ್ದಿದ್ರೂ ಮೇಜು ಅಲ್ಲೇ ಇರುತ್ತೆ ಅಂತ ಐನ್‌ಸ್ಟೀನ್, ಆದ್ರೆ ಪ್ರೂವ್ ಮಾಡಕ್ಕಾಗಲ್ಲ ಅಂತಾನೂ ಒಪ್ಕೊಂಡ್ರು. ನಮ್ಮ ಸೋಂದಾ ಕಡೆ ಬನ್ನಿ, ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ವಾದಿರಾಜ ಮಠ, ಜೈನ ಮಠ ಮೂರೂ ಅಲ್ಲೇ. ಮಧ್ವರಿಗಂತೂ ಜಗತ್ತು ಸತ್ಯವೇ. ಶಂಕರರೂ ವಿಜ್ಞಾನವಾದಿಗಳನ್ನ (ಎಲ್ಲ ಬರೀ ಮನಸ್ಸಿನ ಅರಿವು ಅನ್ನೋ ಬೌದ್ಧರನ್ನ) ಖಂಡಿಸ್ತಾ ಹೊರಗಿನ ವಸ್ತು ಕಾಣ್ತಿರೋವಾಗ ಇಲ್ಲ ಅನ್ನೋಕಾಗಲ್ಲ ಅಂದಿದ್ದಾರೆ, ಜನ ಮಾತ್ರ ಅದ್ವೈತ ಅಂದ್ರೆ ಎಲ್ಲ ಕನಸು ಅನ್ಕೊಂಡಿರ್ತಾರೆ.

ಕಾರವಾರದವ:
ಮತ್ತೆ ಶಂಕರರು ಜಗತ್ತು ಮಿಥ್ಯೆ ಅಂದಿದ್ದು?

ಶಿರಸಿ ಕಡೆ:
ವ್ಯವಹಾರಕ್ಕೆ ಸತ್ಯವೇ, ಬ್ರಹ್ಮಜ್ಞಾನ ಆದ್ಮೇಲೆ ಬಾಧಿತ, ಅಂದ್ರೆ ಆ ಸತ್ಯ ನಿಲ್ಲಲ್ಲ.

ಬೈತಖೋಲ್:
ಜೈನರು ಏನಂತಾರೋ?

ಶಿರಸಿ ಕಡೆ:
ಒಂದು ದೃಷ್ಟಿಲಿ ಇದೆ, ಇನ್ನೊಂದ್ರಲ್ಲಿ ಇಲ್ಲ. ಇದೇ ಸ್ಯಾದ್ವಾದ, ಅದಕ್ಕೆ ಬೇರೆ ಥ್ರೆಡ್ ಹಾಕಿ, ಇಲ್ಲಿ ಮುಗಿಯಲ್ಲ.