ಚಾರ್ಕೋಲ್ ಟ್ಯೂಬಿನ ಹಿಂದಿನ ಪದರದಲ್ಲೂ ಟಾಲ್ವೀನ್: ಈ ಫಲಿತಾಂಶ ನಂಬಬಹುದೇ?

ಪ್ರಶ್ನೆ: ಸ್ಪ್ರೇ ಪೇಂಟಿಂಗ್ ಕೆಲಸಗಾರರಿಗೆ ಗಾಳಿಯಲ್ಲಿನ ಆವಿ ಹಿಡಿಯುವ ಚಾರ್ಕೋಲ್ ಟ್ಯೂಬ್ (ಮುಂದಿನ ಪದರ 100, ಹಿಂದಿನದು 50 ಮಿಗ್ರಾಂ ಇದ್ದಿಲು) ಹಾಕಿ, ನಿಮಿಷಕ್ಕೆ 0.2 ಲೀಟರಿನಂತೆ 8 ಗಂಟೆ ಪಂಪ್ ಓಡಿಸಿದ್ದೇವೆ. ಹಿಂದಿನ ಪದರದಲ್ಲಿ ಮುಂದಿನದರ 30% ಟಾಲ್ವೀನ್ (ಪೇಂಟಿನ ದ್ರಾವಕ) ಬಂದಿದೆ. ಎರಡನ್ನೂ ಕೂಡಿಸಿ ವರದಿ ಮಾಡಿದರೆ ಸಾಕೇ?

ಉತ್ತರ 1: ಸಾಲದು. ಹಿಂದಿನ ಪದರ ಮುಂದಿನದರ 10% ದಾಟಿತೆಂದರೆ ಟ್ಯೂಬ್ ತುಂಬಿ ಆವಿ ಹೊರಗೆ ಸೋರಿರಬಹುದು. ಆ ಸಂಖ್ಯೆ "ಕನಿಷ್ಠ ಇಷ್ಟು" ಎನ್ನುತ್ತದೆ, ಅಷ್ಟೇ. ನಿಮ್ಮ ಲೆಕ್ಕ ನೋಡಿ: 0.2 × 480 = 96 ಲೀಟರ್. ನಿಯೋಶ್ (ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ) 1501 ವಿಧಾನದಲ್ಲಿ ಟಾಲ್ವೀನ್‌ಗೆ ಗರಿಷ್ಠ 8 ಲೀಟರ್. ಹರಿವನ್ನು 0.02ಕ್ಕೆ ಇಳಿಸಿ, 4 ಗಂಟೆಗೊಂದರಂತೆ ಎರಡು ಟ್ಯೂಬ್ ಬಳಸಿ, ತಲಾ 4.8 ಲೀಟರ್ ಆಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಚಾರ್ಕೋಲ್ ಇನ್ನೂ ಬೇಗ ಸೋಲುತ್ತದೆ.

ಉತ್ತರ 2: ಮೇಲಿನದಕ್ಕೆ ಸೇರಿಸುತ್ತೇನೆ. ಕ್ಯಾಲಿಬ್ರೇಷನ್ (ಪಂಪಿನ ಹರಿವು ಅಳೆದು ಹೊಂದಿಸುವುದು) ಮಾಡುವಾಗ ಅದೇ ಬಗೆಯ ಟ್ಯೂಬ್ ಪಂಪಿಗೆ ಜೋಡಿಸಿರಲೇಬೇಕು. ಖಾಲಿ ಕೊಳವೆಯಲ್ಲಿ ಹೊಂದಿಸಿದ ಹರಿವು ಟ್ಯೂಬಿನ ತಡೆಯಿಂದ ಬದಲಾಗುತ್ತದೆ. ಕೆಲಸ ಮುಗಿದ ಮೇಲೂ ಹರಿವು ಅಳೆಯಿರಿ, ವ್ಯತ್ಯಾಸ 5% ಮೀರಿದರೆ ಆ ಮಾದರಿ ಬಿಡಿ. ಬಳಸುವ ಮುನ್ನ ಟ್ಯೂಬಿನ ಮುಚ್ಚಿದ ಗಾಜಿನ ತುದಿ ಮುರಿದಾಗ ರಂಧ್ರ ಒಳವ್ಯಾಸದ ಅರ್ಧದಷ್ಟಾದರೂ ಇರಲಿ. ಟ್ಯೂಬ್ ನೆಟ್ಟಗೆ ನಿಂತಿರಲಿ, ಮೂಗಿನಿಂದ 30 ಸೆಂಮೀ ಒಳಗೆ, ಕಾಲರಿನ ಬಳಿ. ಅಡ್ಡ ಮಲಗಿಸಿದರೆ ಚಾರ್ಕೋಲ್ ಒಂದು ಬದಿಗೆ ಸರಿದು ಗಾಳಿ ಮೇಲಿನ ಸಂದಿಯಲ್ಲೇ ನುಸುಳುತ್ತದೆ.

ಪ್ರಶ್ನೆ ಕೇಳಿದವರು: ಎರಡು ಟ್ಯೂಬಿನ ಸರಾಸರಿ ಹೇಗೆ?

ಉತ್ತರ 1: ಸಾಂದ್ರತೆಯನ್ನು ಆಯಾ ಅವಧಿಯಿಂದ ಗುಣಿಸಿ, ಕೂಡಿಸಿ, ಒಟ್ಟು 480 ನಿಮಿಷದಿಂದ ಭಾಗಿಸಿ. 240 ನಿಮಿಷ 30 ಪಿಪಿಎಂ (ಹತ್ತು ಲಕ್ಷದಲ್ಲಿ ಭಾಗ), 240 ನಿಮಿಷ 10 ಪಿಪಿಎಂ ಆದರೆ 20. ಬ್ಲ್ಯಾಂಕ್ ಟ್ಯೂಬನ್ನೂ (ಹೋಲಿಕೆಗಾಗಿ ಇಡುವ ಖಾಲಿ ಮಾದರಿ) ಅಲ್ಲೇ ಮುರಿದು, ಗಾಳಿ ಎಳೆಯದೆ, ತಕ್ಷಣ ಮುಚ್ಚಿ ಲ್ಯಾಬಿಗೆ ಕಳಿಸಿ.