ಅಪ್‌ಡೇಟ್: ರಿಪೇರಿ ಟೇಬಲ್ ಮೇಲೆ ಕೊನೆಗೆ ಏನು ಹಾಕಿದೆ
ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಜೋಡಿಸಲು, ರಿಪೇರಿ ಮಾಡಲು ಟೇಬಲ್ ಮೇಲೆ ಸ್ಟೀಲ್ ಶೀಟ್ ಹಾಕಲಾ, ಸನ್‌ಮೈಕಾ ಹಾಕಲಾ, ಬರೀ ಪ್ಲೈವುಡ್ ಸಾಕಾ ಅಂತ ಹೋದ ತಿಂಗಳು ಕೇಳಿದ್ದೆ. ಸ್ಟೀಲ್ ಬೇಡ ಅಂದವರಿಗೆ ತುಂಬಾ ಥ್ಯಾಂಕ್ಸ್. ಕಂಪ್ಯೂಟರಿನ ಸರ್ಕ್ಯೂಟ್ ಬೋರ್ಡಿನ ಹಿಂದಿರುವ ಬೆಸುಗೆಯ ಮೊನೆಗಳು ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಕೊನೆಗೆ 18 ಎಂಎಂ ಪ್ಲೈವುಡ್, ಅದರ ಮೇಲೆ ರಬ್ಬರಿನ ಇಎಸ್‌ಡಿ ಮ್ಯಾಟ್ (ಮೈಯಲ್ಲಿ, ವಸ್ತುಗಳಲ್ಲಿ ತುಂಬಿಕೊಳ್ಳುವ ಸ್ಟ್ಯಾಟಿಕ್ ವಿದ್ಯುತ್ತನ್ನು ಮೆಲ್ಲಗೆ ನೆಲಕ್ಕೆ ಹರಿಸುವ ಹಾಸು). ಪಿವಿಸಿ ಮ್ಯಾಟ್ ಅಗ್ಗ, ಆದರೆ ನಾನು ಸೋಲ್ಡರಿಂಗ್ ಜಾಸ್ತಿ ಮಾಡುತ್ತೇನೆ, ಸೋಲ್ಡರಿಂಗ್ ಐರನ್ನಿನ 350 ಡಿಗ್ರಿಯ ತುದಿ ತಾಗಿದರೆ ಅದು ಕರಗುತ್ತದೆ.

ಮ್ಯಾಟ್ ಸುಮ್ನೆ ಹಾಸಿದರೆ ಸಾಲದು, ಅರ್ಥಿಂಗ್‌ಗೆ ಜೋಡಿಸಲೇಬೇಕು. ಅದರ ವೈರಿನಲ್ಲಿ ನಮ್ಮ ಸುರಕ್ಷತೆಗೆ ಅಂತ 1 ಮೆಗಾಓಮ್ ರೆಸಿಸ್ಟರ್ (ಕರೆಂಟ್ ಹರಿವನ್ನು ತೀರಾ ಕಡಿಮೆ ಮಾಡುವ ಭಾಗ) ಇರುತ್ತದೆ. ನಾನು ಜೋಡಿಸಿ ನಿಶ್ಚಿಂತೆಯಾಗಿದ್ದೆ, ಆಮೇಲೆ ಎಲೆಕ್ಟ್ರಿಷಿಯನ್ ಅಣ್ಣ ಬಂದು ಸಾಕೆಟ್ ಬಿಚ್ಚಿ ನೋಡಿದರೆ ಮೂರನೇ ಪಿನ್ನಿಗೆ ವೈರೇ ಇಲ್ಲ! ಹಳೇ ಮನೆ ಅಲ್ವಾ. ಹೊಸದಾಗಿ ಅರ್ಥಿಂಗ್ ಎಳೆಸಿದೆ. ನಿಮ್ಮದನ್ನೂ ಒಮ್ಮೆ ನೋಡಿಸಿ, ಯಾಕೆಂದರೆ ನಮ್ಮ ಕಡೆ ಚಳಿಗಾಲ ಮುಗಿಯುವ ಹೊತ್ತಿಗೆ ಗಾಳಿ ಒಣಗಿ ಸ್ಟ್ಯಾಟಿಕ್ ಜಾಸ್ತಿಯಾಗುತ್ತದೆ. ಕೈಗೆ ಚುರುಕ್ ಅನ್ನಲು ಸುಮಾರು 3000 ವೋಲ್ಟ್ ಬೇಕು, ಚಿಪ್ ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಮ್ಯಾಟ್ ಸ್ವಲ್ಪ ಕರೆಂಟ್ ಹರಿಸುತ್ತದಲ್ಲ, ಅದಕ್ಕೆ ಬೋರ್ಡಿಗೆ ಕರೆಂಟ್ ಕೊಟ್ಟು ನೋಡುವಾಗ ಮಾತ್ರ ಮ್ಯಾಟ್ ಮೇಲಲ್ಲ, ಅದರದೇ ರಟ್ಟಿನ ಡಬ್ಬಿ ಮೇಲೆ ಇಡುತ್ತೇನೆ.